ಮೂರು ಗೋಡೆಯ ಬಡಿಗನಿಗೆ ಹೆಣ್ಣು

ಸಿನೆಮಾದ ಸೆಟ್ಟು ಕಟ್ಟುವವನ ಬಾಳಿನಲ್ಲಿ ಒಂದು ವಾರ ಏನೂ ಫಜೀತಿ ಆಗಲಿಲ್ಲವೆಂದರೆ ಆ ವಾರ ಸ್ಟುಡಿಯೋಕ್ಕೆ ಬೀಗ ಬಿದ್ದಿತ್ತು ಎಂದೇ ತಿಳಿಯಬೇಕು. ನಾವು ಫಜೀತಿಯನ್ನು ಹುಡುಕಿಕೊಂಡು ಹೋಗುವವರಲ್ಲ. ಸುತ್ತಿಗೆ ಎತ್ತಿದರೆ ಸಾಕು, ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ.

ನಾನು ಧಾರವಾಡದ ಕಡೆಯ ಬಡಿಗೇರ ಮನೆತನದವನು. ಅಪ್ಪ ಚಕ್ಕಡಿ, ಬಾಗಿಲು, ತೊಟ್ಟಿಲು ಮಾಡುತ್ತಿದ್ದ. ನಾನು ಐವತ್ತರ ದಶಕದ ಆರಂಭದಲ್ಲಿ ಮುಂಬಯಿಗೆ ಬಂದು, ಘಾಟ್ಕೋಪರಿನ ಚಾಳಿನಲ್ಲಿ ದೊಡ್ಡಪ್ಪನ ಮನೆಯಲ್ಲಿ ಇದ್ದುಕೊಂಡು, ಮಲಾಡಿನ ಒಂದು ಸ್ಟುಡಿಯೋದಲ್ಲಿ ಸೆಟ್ಟಿನ ಬಡಿಗನಾದೆ. ಬೆಳಿಗ್ಗೆ ಲೋಕಲ್ ಹಿಡಿದು ದಾದರಿಗೆ ಬರುವುದು, ಸೇತುವೆ ದಾಟಿ ಇನ್ನೊಂದು ಲೈನಿನ ಗಾಡಿ ಹತ್ತುವುದು, ಮಲಾಡಿನಲ್ಲಿ ಇಳಿಯುವುದು. ಗಾಡಿಯಲ್ಲಿ ಯಾರಾದರೂ ಕೆಲಸ ಏನೆಂದು ಕೇಳಿದರೆ "ಅರಮನೆ ಕಟ್ಟುತ್ತೇನೆ" ಎನ್ನುತ್ತಿದ್ದೆ. ಸುಳ್ಳೇನಲ್ಲ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಬಣ್ಣ ಹೊಡೆದರೆ ಅದು ನಮ್ಮಲ್ಲಿ ಗೋಡೆ. ಗೋಣಿತಾಟಿಗೆ ಪ್ಲಾಸ್ಟರ್ ಮೆತ್ತಿದರೆ ಅದು ಅಮೃತಶಿಲೆ. ಅಂಥ ಮೂರು ಗೋಡೆ ನಿಲ್ಲಿಸಿದರೆ ಅರಮನೆ ಮುಗಿಯಿತು. ನಾಲ್ಕನೆಯ ಕಡೆ ಕ್ಯಾಮೆರಾ ಇರುತ್ತದೆ, ಮಾಳಿಗೆ ಇರಬೇಕಾದಲ್ಲಿ ಲೈಟಿನವರು ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಇದನ್ನೆಲ್ಲ ಗಾಡಿಯಲ್ಲಿ ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಕೇಳಿದವರು ಒಬ್ಬರೇ. ಅವರ ಮಗಳನ್ನು ನೋಡಲು ನಾನು ಹೋಗಿದ್ದೆ.

೧. ಅರಮನೆ ಎಲ್ಲೈತಿ?

ಹುಡುಗಿಯ ಮನೆ ಮುಲುಂಡಿನ ಒಂದು ಚಾಳಿನಲ್ಲಿತ್ತು. ತಂದೆ ವಿಜಾಪುರದ ಕಡೆಯವರು, ನಮ್ಮವರೇ, ಬಡಿಗೇರರೇ. ಆದರೆ ರೈಲ್ವೆ ವರ್ಕ್‌ಶಾಪಿನಲ್ಲಿ ರೈಲುಗಾಡಿಯ ಡಬ್ಬಿಗಳ ಮರಗೆಲಸ ಮಾಡುವವರು. ಸಾಗುವಾನಿಯಲ್ಲಿ ಕಚ್ಚು ಕೊಯ್ದು, ಬೆಣೆ ಬಡಿದು, ಮೊಳೆಯ ಹಂಗಿಲ್ಲದೆ ಕೂಡಿಸುವ ಕೈ ಅವರದು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನಾನು ಕೂತ ಕೂಡಲೇ ಕಾಕಾ ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದರು. ಬಡಿಗನ ಬೆರಳೇ ಎಂದು ಖಾತ್ರಿಯಾದ ಮೇಲೆ ಬಾಯಿ ತೆರೆದರು.

"ಏನೇನು ಕಟ್ಟೀಪಾ ಇಲ್ಲೀತನಕ?"

"ಅರಮನಿ ಕಟ್ಟೀನ್ರಿ ಕಾಕಾ."

"ಭೇಷ್! ಎಲ್ಲೈತಿ?"

"ಹ್ವಾದ ಮಂಗಳವಾರ ಕಿತ್ತಿವ್ರಿ."

"ಕಿತ್ತಿರಿ? ಮತ್ತ?"

"ಅದ ಕಟ್ಟಿಗೀಲೆ ಗುಡಿ ಕಟ್ಟಿದ್ವಿ."

"ಹಾಂ, ಗುಡಿ. ಅದು ಎಲ್ಲೈತಿ?"

"ಅದನ್ನ ಜೈಲು ಮಾಡಿದ್ವಿ. ಈಗ ಅದು ದವಾಖಾನಿ ಆಗೈತ್ರಿ."

ಕಾಕಾ ಚಹಾದ ಬಶಿ ಕೆಳಗಿಟ್ಟರು. "ದೇವರ ಗುಡೀನ ಜೈಲು ಮಾಡಿದ್ರಿ?"

"ಬಾಗಿಲಾ ಅದ ಇತ್ರಿ. ಕಂಬಿ ಅಷ್ಟ ಹಚ್ಚಿದ್ವಿ."

ಒಳಗಿನಿಂದ ಕಿಸಕ್ಕನೆ ನಗು ಕೇಳಿತು. ಸೆರಗು ಬಾಯಿಗೆ ಒತ್ತಿಕೊಂಡರೂ ಹೊರಗೆ ಬಂದುಬಿಟ್ಟ ನಗು. ಹುಡುಗಿಯನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ, ಆ ನಗು ಕೇಳಿಯೇ ನಾನು ಮನಸ್ಸಿನಲ್ಲಿ ಹೂಂ ಅಂದುಬಿಟ್ಟಿದ್ದೆ. ಮಾಡಿಕೊಂಡರೆ ಇವಳನ್ನೇ. ಆದರೆ ಕಾಕಾ ನಗಲಿಲ್ಲ.

"ತಮ್ಮಾ, ನಾ ಕೂಡಿಸಿದ ಡಬ್ಬಿ ದಿನಾ ಘಾಟ ಹತ್ತತಾವು, ಇಳೀತಾವು. ಒಂದು ಕಚ್ಚು ಸಡಿಲ ಆಗಿಲ್ಲ. ನೀ ಕಟ್ಟಿದ್ದು ಒಂದರ ನಿಂತದ್ದು ಐತೇನು? ಇದ್ರ ತೋರಸು. ಆಮ್ಯಾಲ ಹೆಣ್ಣಿನ ಮಾತು."

ಹುಡುಗಿಯ ತಾಯಿ ಬಾಗಿಲ ಮರೆಯಿಂದ ನನ್ನ ಪರವಾಗಿ ಒಂದು ಮಾತು ಹಾಕಿದರು. "ಹುಡುಗ ಛಲೋ ಅದಾನಲ್ರೀ, ಎತ್ತರ ನಿಲುವು."

"ಹುಡುಗ ನಿಂತಾನ," ಎಂದರು ಕಾಕಾ. "ಅವ ಕಟ್ಟಿದ್ದು ನಿಂತಿಲ್ಲ."

೨. ಹೊಸ ಗೋಡೆಗೆ ಹಳೆಯ ಬಿರುಕು

ಹೀಗೆ ಹೆಣ್ಣಿನ ಮಾತು ತೂಗಾಡುತ್ತ ಉಳಿಯಿತು. ದೀಪಾವಳಿ ಬಂತು. ಮುಲುಂಡಿನ ಮನೆಗೆ ಬಣ್ಣ ಹೊಡೆಸಬೇಕಾಗಿದೆ ಎಂದು ದೊಡ್ಡಮ್ಮನ ಮೂಲಕ ನನ್ನ ಕಿವಿಗೆ ಬಿತ್ತು. ಸಿಕ್ಕ ಅವಕಾಶ ಬಿಡಬಾರದೆಂದು ನಾನು ನಮ್ಮ ಸ್ಟುಡಿಯೋದ ಪೈಂಟರನನ್ನು ಕರೆದುಕೊಂಡು ಹೋದೆ. ಅವನು ಉಡುಪಿಯ ಕಡೆಯವನು, ನನ್ನ ಗೆಳೆಯ. ಅವನು ಬರೆದ ಬಾಗಿಲನ್ನು ನೂಕಲು ಹೋಗಿ ಹಣೆ ಬಡಿಸಿಕೊಂಡವರು ಸ್ಟುಡಿಯೋದಲ್ಲಿ ಬೇಕಾದಷ್ಟು ಜನ ಇದ್ದರು.

ಅಂದು ಭಾನುವಾರವಾದರೂ ಕಾಕಾಗೆ ಡ್ಯೂಟಿ ಇತ್ತು. ತಾಯಿ ಮಗಳು ಪಕ್ಕದ ಮನೆಯಲ್ಲಿ ಚಕ್ಕುಲಿ ಕರಿಯಲು ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಗೋಡೆಗಳು ಹಾಲಿನ ಹಾಗೆ ಬೆಳಗುತ್ತಿದ್ದವು. ಪೈಂಟರ ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಎಂತದೋ ಕಮ್ಮಿ ಉಂಟು ಮಾರಾಯಾ. ಇದು ಮನೆ ಹಾಗೆ ಕಾಣುದಿಲ್ಲ."

ನಾನು ಬಕೀಟು ತೊಳೆಯಲು ನಳದ ಹತ್ತಿರ ಹೋದೆ. ತಿರುಗಿ ಬರುವಷ್ಟರಲ್ಲಿ ಮೂಲೆಯಿಂದ ಕಿಟಕಿಯವರೆಗೆ ಒಂದು ಬಿರುಕು ಇಳಿದಿತ್ತು. ಕಿಟಕಿಯ ಕೆಳಗೆ ಹಸಿ ಹಿಡಿದ ಕಲೆ. ದೀಪದ ಗೂಡಿನ ಮೇಲೆ ವರ್ಷಗಟ್ಟಲೆ ಹತ್ತಿದಂಥ ಹೊಗೆ. ಸ್ಟುಡಿಯೋದಲ್ಲಿ ಬಡವರ ಮನೆ ಎಂದರೆ ನಾವು ಮಾಡುವುದೇ ಅದು. ಹೊಸ ಗೋಡೆಯನ್ನು ಹಾಗೇ ಬಿಟ್ಟರೆ ಆರ್ಟ್ ಡೈರೆಕ್ಟರ್ ಸಾಹೇಬರು ಬೈಯುತ್ತಿದ್ದರು. ಪೈಂಟರನ ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತ್ತು.

ನಾನು ಅವನನ್ನು ತಡೆಯಬೇಕಾಗಿತ್ತು. ನಿಜ ಹೇಳಿಬಿಡುತ್ತೇನೆ, ನಾನೂ ಒಂದು ಕಣ್ಣು ಮುಚ್ಚಿ ನೋಡಿ, "ಆ ಬಿರುಕು ಇನ್ನೊಂದು ಗೇಣು ಕೆಳಗೆ ಬರಲಿ" ಎಂದೆ.

ಸಂಜೆ ಕಾಕಾ ಬಂದರು. ನಾವು ಸಾಮಾನು ಕಟ್ಟುತ್ತಿದ್ದೆವು. ಅವರು ಗೋಡೆ ನೋಡಿದ್ದೇ ಚಪ್ಪಲಿ ಸಹ ಬಿಡದೆ ಹಾಗೇ ತಿರುಗಿ ಹೊರಟರು. ಐದು ನಿಮಿಷದಲ್ಲಿ ಚಾಳಿನ ಮಾಲಿಕನನ್ನು ಕೈಹಿಡಿದು ಎಳೆದುಕೊಂಡೇ ಬಂದರು. "ನೋಡ್ರಿ! ಮುಂಜಾನೆ ಬಣ್ಣಾ ಹೊಡಸೇವಿ, ಸಂಜೀಕ ಬಿರಕು! ಮ್ಯಾಲಿನವರ ನೀರು ಇಳದೈತಿ! ಇವತ್ತ ರಿಪೇರಿ ಆಗಬೇಕು!"

ಮಾಲಿಕ ಪಾಪ ಗಾಬರಿಯಾಗಿ ಹಸಿ ಕಲೆಯ ಮೇಲೆ ಅಂಗೈ ಇಟ್ಟ. ಒಣಗಿತ್ತು. ಬಿರುಕಿನೊಳಗೆ ಉಗುರು ಹಾಕಲು ನೋಡಿದ. ಉಗುರು ನುಣ್ಣಗೆ ಜಾರಿತು. ಹೊಗೆಯನ್ನು ಮೂಸಿದ. ಆಮೇಲೆ ಬಹಳ ಮರ್ಯಾದೆಯಿಂದ ಕೈಮುಗಿದು ಹೇಳಿದ:

"ಕಾಕಾ, ಗೋಡೆ ಒಡೆದರೆ ತಕರಾರು ಮಾಡುವವರನ್ನು ದಿನಾ ನೋಡುತ್ತೇನೆ. ಬಿರುಕು ಬರೆಸಿ ತಕರಾರು ಮಾಡುವವರು ಇಡೀ ಚಾಳಿನಲ್ಲಿ ನೀವೊಬ್ಬರೇ."

೩. ಮಂತ್ರಿಯ ಅಭಿನಯ

ಗೋಡೆಯ ಗಾಯ ಮಾಯುವ ಮೊದಲೇ ಇನ್ನೊಂದಾಯಿತು. ರಾಜಮಹಲಿನ ಸೆಟ್ಟು. ಎಂಟು ಕಂಬ ನಿಲ್ಲಿಸಿದ್ದೆ. ಒಳಗೆ ಪೊಳ್ಳಾದರೂ ಪ್ಲಾಸ್ಟರಿನ ಕಂಬವೆಂದರೆ ಇಬ್ಬರು ಆಳು ಹೊರುವ ತೂಕ. ಶಾಟಿಗೆ ಎಲ್ಲ ಸಿದ್ಧವಾದ ಮೇಲೆ ಡೈರೆಕ್ಟರ್ "ಆ ಕಂಬ ಎರಡು ಮಾರು ಎಡಕ್ಕೆ" ಎಂದರು. ಸರಿಸಿದೆ. ಬುಡಕ್ಕೆ ಮೊಳೆ ಹೊಡೆಯಲು ಬಗ್ಗುತ್ತೇನೆ, ಅಷ್ಟರಲ್ಲಿ "ಸೈಲೆನ್ಸ್!" ಎಂದು ಕೂಗಿಯಾಯಿತು. ಒಂದು ಶಾಟು ತಾನೇ, ನಿಂತೀತು ಎಂದು ಸುತ್ತಿಗೆ ಬಗಲಲ್ಲಿಟ್ಟು ಸರಿದು ನಿಂತೆ.

ರಾಜಕುಮಾರ ತೀರಿಕೊಂಡ ಸುದ್ದಿ ಕೇಳಿ ಮುದಿ ಮಂತ್ರಿ ದುಃಖಪಡುವ ದೃಶ್ಯ. ಮಂತ್ರಿಯ ಪಾತ್ರದವರು ಒಳ್ಳೇ ದಪ್ಪನೆಯ ಮನುಷ್ಯ, ಅವರ ಮುಖದ ಮೇಲೆ ದುಃಖ ತರಿಸಲು ಡೈರೆಕ್ಟರ್ ಮೂರು ದಿನದಿಂದ ತಲೆ ಚಚ್ಚಿಕೊಳ್ಳುತ್ತಿದ್ದರು. ಅಂದು ಏನು ಅನಿಸಿತೋ, ಮಂತ್ರಿ ನಿಟ್ಟುಸಿರು ಬಿಟ್ಟು ಕಂಬಕ್ಕೆ ಒರಗಿದರು. ಕಂಬವೂ ಅವರ ಜೊತೆಗೆ ಒರಗಿತು.

ಆ ಕಂಬದ ನೇರಕ್ಕೆ ರಾಣಿಯಾಗಿ ಹೀರೋಯಿನ್ ಕೂತಿದ್ದಳು. ಮಂತ್ರಿ ಎರಡೂ ತೋಳಿನಿಂದ ಕಂಬವನ್ನು ಅಪ್ಪಿ ಹಿಡಿದರು. ಬಿಟ್ಟರೆ ರಾಣಿ ಚಟ್ನಿ. ಕ್ಯಾಮೆರಾ ಓಡುತ್ತಿತ್ತು, ಮಾತು ಬಿಡುವಂತಿಲ್ಲ. ಹಲ್ಲು ಕಚ್ಚಿ, ಕಂಬ ಹೊತ್ತುಕೊಂಡೇ, ಅರ್ಧ ಪುಟದ ಸಂವಾದ ಹೇಳಿದರು. ದನಿ ನಡುಗಿತು. ಹಣೆಯಿಂದ ಬೆವರು ಇಳಿಯಿತು. ಕುತ್ತಿಗೆಯ ನರ ಉಬ್ಬಿತು. ಕೊನೆಯ ಮಾತಿಗೆ ಕಣ್ಣಿನಿಂದ ನೀರು ದಳದಳ ಸುರಿಯಿತು. ನೋಡುತ್ತಿದ್ದ ಲೈಟಿನವರೂ ಮೂಗು ಒರೆಸಿಕೊಂಡರು.

"ಕಟ್! ವಾಹ್ ವಾ!" ಎಂದು ಡೈರೆಕ್ಟರ್ ಎರಡೂ ಕೈ ಚಾಚಿ ಅಪ್ಪಿಕೊಳ್ಳಲು ಓಡಿದರು. ಮಂತ್ರಿ ಹಲ್ಲಿನ ಸಂದಿಯಿಂದ ಹೇಳಿದರು: "ಪೆಹಲೇ ಖಂಭಾ! ಮೊದಲು ಕಂಬ ಹಿಡಿಯಿರಿ, ಅಪ್ಪಿಕೊಳ್ಳುವುದು ಆಮೇಲೆ!"

ಆರ್ಟ್ ಡೈರೆಕ್ಟರ್ ಸಾಹೇಬರು ನನ್ನನ್ನು ಮೂಲೆಗೆ ಕರೆದು, ಇನ್ನೊಂದು ಸಲ ಇಂಥದಾದರೆ ಸುತ್ತಿಗೆ ಕೊಟ್ಟು ಮನೆಗೆ ಹೋಗು ಎಂದರು. ಅದಕ್ಕಿಂತ ನನಗೆ ಮುಲುಂಡಿನ ಭಯ ಹೆಚ್ಚಾಗಿತ್ತು. ಮನೆಗೆ ಬಂದು ದೊಡ್ಡಪ್ಪನ ಮುಂದೆ ಬಾಯಿಬಿಟ್ಟದ್ದೇ ತಪ್ಪು. ಅವನ ಹೊಟ್ಟೆಯಲ್ಲಿ ನಗು ನಿಲ್ಲುವುದಿಲ್ಲ. ಅದೇ ವಾರ ಸುದ್ದಿ ಮುಲುಂಡ್ ಮುಟ್ಟಿತು, ಕಾಕಾನ ಉತ್ತರ ಘಾಟ್ಕೋಪರಿಗೆ ವಾಪಸು ಬಂತು:

"ಎಲ್ಲಾ ಕಡೆ ಕಂಬಾ ಮಂದೀನ ಕಾಯತಾವು. ಇವನ ಅರಮನ್ಯಾಗ ಮಂದಿ ಕಂಬಾ ಕಾಯತಾರ."

೪. ದೇವರ ಮಂಟಪದ ಬೆನ್ನು

ಇಷ್ಟಾದರೂ ಕಾಕಾ ಇಲ್ಲ ಎಂದು ಹೇಳಿ ಕಳಿಸಿರಲಿಲ್ಲ. ಅವರ ಮನೆಯಲ್ಲಿ ಇಬ್ಬರು ಹೆಂಗಸರು ನನ್ನ ಕಡೆ ಇದ್ದಾರೆಂದು ದೊಡ್ಡಮ್ಮ ಹೇಳುತ್ತಿದ್ದಳು. ಅದನ್ನೇ ಹಿಡಿದುಕೊಂಡು ನಾನು ಒಂದು ದೇವರ ಮಂಟಪ ಮಾಡಿದೆ. ಎರಡು ಗೇಣಿನ ಮಂಟಪ. ಕಮಾನು, ಬಳ್ಳಿ, ಎರಡು ನವಿಲು, ಮೇಲೊಂದು ಕಳಸ. ಲೋಕಲ್ಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದರೆ ಎದುರಿಗೆ ಕೂತ ಮುದುಕಿ ಅದಕ್ಕೆ ಕೈಮುಗಿದಳು.

ಕಾಕಾ ಮಂಟಪವನ್ನು ಕೈಗೆತ್ತಿಕೊಂಡು ನವಿಲನ್ನು ನೋಡಲಿಲ್ಲ, ಕಳಸವನ್ನೂ ನೋಡಲಿಲ್ಲ. ಸೀದಾ ಹಿಂದೆ ತಿರುಗಿಸಿದರು. ಹಿಂದೆ ಹಲಗೆಯ ತುಂಡು, ನಾಲ್ಕು ಮೊಳೆ, ಒಂದಿಷ್ಟು ಗೋಣಿತಾಟು.

"ಹಿಂದ ಯಾಕ ಹಿಂಗ?"

ನಾನು ಯೋಚಿಸದೆ, ದಿನಾ ಹೇಳುವುದನ್ನೇ ಹೇಳಿಬಿಟ್ಟೆ. "ಹಿಂದ ಕ್ಯಾಮೆರಾ ಹೋಗೂದಿಲ್ರಿ ಕಾಕಾ."

"ದೇವರು ಹೋಗತಾನ," ಎಂದರು ಅವರು.

ನನಗೆ ನಾಚಿಕೆಯಾಯಿತು. ತಮಾಷೆಯ ನಾಚಿಕೆಯಲ್ಲ. ಅಪ್ಪ ತೊಟ್ಟಿಲಿನ ಅಡಿಯನ್ನೂ ಉಜ್ಜಿ ನುಣುಪು ಮಾಡುತ್ತಿದ್ದುದು ಕಣ್ಣಿಗೆ ಬಂತು. ನನ್ನ ಮುಖ ನೋಡಿ ಕಾಕಾ ಸ್ವಲ್ಪ ಮೆತ್ತಗಾದರು. "ಕೈ ಛಲೋ ಅದಾವ ನಿನ್ನೂ. ಕೆಟ್ಟ ರೂಢಿ ಬಿದ್ದಾವು. ಐತವಾರ ಬಾ, ಹೇಳಿಕೊಡತೀನಿ."

ಮೂರು ಭಾನುವಾರ ಹೋದೆ. ಕಚ್ಚು ಕೊಯ್ಯುವುದು, ಬೆಣೆ ಬಡಿಯುವುದು, ಕೂಡಿದ ಜಾಗ ಕೂದಲು ಹೋಗದಷ್ಟು ಬಿಗಿಯಾಗುವುದು. ಒಳಗಿನಿಂದ ಚಹಾ ಬರುತ್ತಿತ್ತು. ತರುವವಳು ಬಶಿ ಇಡುವ ನೆವದಲ್ಲಿ ಮಂಟಪದ ಬೆನ್ನನ್ನು ನೋಡಿ ಹೋಗುತ್ತಿದ್ದಳು. ಬೆನ್ನು ಎಷ್ಟು ಚೆಂದ ಬಂತೆಂದರೆ, ಮುಗಿದ ದಿನ ತಾಯಿ ಮಂಟಪವನ್ನು ಹಿಂದುಮುಂದು ಮಾಡಿ ಇಟ್ಟುಬಿಟ್ಟರು, ದೇವರ ಮುಖ ಗೋಡೆಯ ಕಡೆಗಾಯಿತು.

"ಆತು," ಎಂದರು ಕಾಕಾ. "ಇನ್ನ ಮುಂದಿನ ಮಗ್ಗಲಾ ಕಲಿ."

೫. ಒಂದೇ ಒಂದು ಮೊಳೆ

ಆ ಹೊತ್ತಿಗೇ ಸ್ಟುಡಿಯೋದಲ್ಲಿ ಹೊಸ ಪಿಕ್ಚರಿನ ಕೆಲಸ ಬಂತು. ನದಿಯ ದಂಡೆಯಲ್ಲಿ ಒಬ್ಬ ಬಡ ತಾಯಿಯ ಮನೆ. ಕೊನೆಯಲ್ಲಿ ಬಿರುಗಾಳಿಗೆ ಆ ಮನೆ ಬಿದ್ದುಹೋಗುತ್ತದೆ. ಆರ್ಟ್ ಡೈರೆಕ್ಟರ್ ಸಾಹೇಬರು ನನಗೆ ಬಿಡಿಸಿ ಹೇಳಿದರು: ಮನೆ ಬಯಲಿನಲ್ಲಿ ಕಟ್ಟಬೇಕು, ಕ್ಯಾಮೆರಾ ಸುತ್ತಲೂ ತಿರುಗುವುದರಿಂದ ನಾಲ್ಕು ಗೋಡೆ ಬೇಕು, ಎರಡು ವಾರ ಗಟ್ಟಿಯಾಗಿ ನಿಲ್ಲಬೇಕು, ಕಡೆಯ ದಿನ ಒಂದೇ ಎಳೆತಕ್ಕೆ ಬೀಳಬೇಕು. ನಾಲ್ಕು ಕಂಬದ ಬುಡಕ್ಕೆ ನಾಲ್ಕು ಬೆಣೆ ಇಟ್ಟೆ. ಬೆಣೆ ತೆಗೆದು ಹಿಂದಿನಿಂದ ಹಗ್ಗ ಎಳೆದರೆ ಇಡೀ ಮನೆ ಹಿಮ್ಮುಖವಾಗಿ ಮಲಗಬೇಕು. ಲೆಕ್ಕ ಸರಿಯಾಗಿತ್ತು. ಬಾಳಿನಲ್ಲಿ ಮೊದಲ ಸಲ ನಾಲ್ಕನೆಯ ಗೋಡೆ ಕಟ್ಟಿದ ಸಂತೋಷಕ್ಕೆ ನಾನು ಆ ಮನೆಯನ್ನು ಮೂರು ಸಲ ಸುತ್ತು ಹಾಕಿದೆ.

ಆದರೆ ಮಂತ್ರಿಯ ಕಂಬದ ಕತೆ ಯಾರೂ ಮರೆತಿರಲಿಲ್ಲ. ಮೊದಲನೆಯ ದಿನ ತಾಯಿಯ ಪಾತ್ರ ಮಾಡುವ ನಟಿ, ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದವಳು, ಹೊಸ್ತಿಲಲ್ಲೇ ನಿಂತಳು. "ಭಾಯಿ, ಯೇ ಗಿರೇಗಾ ತೋ ನಹೀಂ?"

"ಇವತ್ತು ಬೀಳುವುದಿಲ್ಲ ಬಾಯಿ."

"ಇವತ್ತು" ಎಂದದ್ದು ಕೇಳಿ ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋದಳು. "ಯಾರಿಗೂ ಹೇಳಬೇಡ. ನನ್ನ ತಲೆಯ ಮೇಲಿನ ತೊಲೆಗೆ ಒಂದೇ ಒಂದು ಮೊಳೆ ಹೊಡೆದುಬಿಡು." ಒಂದು ಮೊಳೆಯಿಂದ ಏನಾಗುತ್ತದೆ ಎಂದು ಹೊಡೆದೆ.

ಮರುದಿನ ಛಾವಣಿಯ ಮೇಲೆ ಕೂರಬೇಕಾದ ಲೈಟಿನವನು ಬಂದ. "ದಾದಾ, ಮನೆಯಲ್ಲಿ ನಾಲ್ಕು ಮಕ್ಕಳಿದ್ದಾರೆ. ಒಂದು ಮೊಳೆ." ಹೊಡೆದೆ. ಕ್ಯಾಮೆರಾಮನ್ ಬಂದ. ಅವನ ಕ್ಯಾಮೆರಾ ವಿಲಾಯತಿಯದು, ಅದರ ಹೆಸರಿನಲ್ಲಿ ಎರಡು ಮೊಳೆ. ಕಿಟಕಿಗೆ ಆತು ಅಳಬೇಕಾದ ಹೀರೋಯಿನ್ನಿಗೆ ಒಂದು. ಬಾಗಿಲು ಒದ್ದು ಬರಬೇಕಾದ ಖಳನಾಯಕನಿಗೆ ಮೂರು, ಅವನು ಎಲ್ಲರಿಗಿಂತ ಅಂಜುಬುರುಕ. ಎಲ್ಲರೂ ಕಿವಿಯ ಹತ್ತಿರ ಬಂದು "ಯಾರಿಗೂ ಹೇಳಬೇಡ" ಎನ್ನುವವರೇ. ನಾನು ಮರ್ಯಾದಸ್ಥ, ಯಾರಿಗೂ ಹೇಳಲಿಲ್ಲ.

ಇದರ ಮೇಲೆ ನನ್ನ ಕೈ ಬೇರೆ ಸುಮ್ಮನಿರಲಿಲ್ಲ. ಹೊಸದಾಗಿ ಕಲಿತ ವಿದ್ಯೆ. ಎಲ್ಲಿ ಕಿರ್ ಎಂದರೂ ಅಲ್ಲೊಂದು ಕಚ್ಚು ಕೊಯ್ದು, ಕಾಕಾ ಹೇಳಿಕೊಟ್ಟಂತೆ ಬೆಣೆ ಬಡಿದು ಬಿಗಿ ಮಾಡುತ್ತಿದ್ದೆ. ಮನೆಯ ಹಿಂಭಾಗವನ್ನು ಉಜ್ಜಿ ನುಣುಪು ಮಾಡುವಾಗ ಪೈಂಟರ ನೋಡಿ ಕುಂಚ ಕೆಳಗಿಟ್ಟ.

"ನೀನೆಂತ ಸೆಟ್ಟು ಕಟ್ಟುದಾ, ಪುಣೆಗೆ ಹೋಗುವ ಡಬ್ಬಿ ಕಟ್ಟುದಾ?"

೬. ಮೂರು ಕ್ಯಾಮೆರಾ, ಒಂದು ಹಗ್ಗ

ಮನೆ ನಿಂತು ಹತ್ತು ದಿನವಾಗಿತ್ತು. ಇನ್ನೂ ನಾಲ್ಕು ದಿನ ನಿಲ್ಲಬೇಕಾದದ್ದು. ಈ ಭಾನುವಾರ ಕಾಕಾಗೆ ರಜೆ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲವೆಂದು ಮುಲುಂಡಿಗೆ ಹೋಗಿ ಎದೆಯುಬ್ಬಿಸಿ ಹೇಳಿದೆ: "ನಿಂತದ್ದು ತೋರಸು ಅಂದಿದ್ರಿ. ಬರ್ರಿ, ತೋರಸತೀನಿ."

ಭಾನುವಾರ ಬೆಳಿಗ್ಗೆ ಸ್ಟುಡಿಯೋ ಹೊಕ್ಕೆ. ಬಯಲಿನಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು, ಪಕ್ಕದಲ್ಲಿ ಆಳೆತ್ತರದ ಗಾಳಿಯ ಪಂಖ. ಸುತ್ತಲೂ ಮೂರು ಕ್ಯಾಮೆರಾ. ಪಂಖ ಬೇಗ ಸಿಕ್ಕಿತಂತೆ, ನಾಳೆಗೆ ಬೇರೆ ಕಡೆ ಹೋಗಬೇಕಂತೆ. ಅದಕ್ಕೆ ಪಿಕ್ಚರಿಗೆ ಹಣ ಹಾಕಿದ ಸೇಠ್ ಬಿರುಗಾಳಿಯನ್ನು ಇವತ್ತಿಗೇ ಮಾಡಿಬಿಟ್ಟಿದ್ದರು. "ಚಲ್, ಬೆಣೆ ತೆಗಿ, ಹಗ್ಗ ಕಟ್ಟು!" ಎಂದರು ಆರ್ಟ್ ಡೈರೆಕ್ಟರ್ ಸಾಹೇಬರು.

ನಾನು ತಿರುಗಿ ನೋಡುತ್ತೇನೆ, ಗೇಟಿನಲ್ಲಿ ಕಾಕಾ. ಕೋಟು, ರುಮಾಲು, ಕೈಯಲ್ಲಿ ಕೊಡೆ. ಹಿಂದೆ ತಾಯಿ, ಬುತ್ತಿಯ ಗಂಟು ಹಿಡಿದು. ಅವರ ಹಿಂದೆ ಅವಳು.

ಮನೆ ಬಿದ್ದರೆ ಹೆಣ್ಣು ಹೋಯಿತು. ಮನೆ ಬೀಳದಿದ್ದರೆ ನೌಕರಿ ಹೋಯಿತು.

ಕಾಕಾ ನನ್ನನ್ನು ಮಾತಾಡಿಸದೆ ಸೀದಾ ಮನೆಯ ಹಿಂದಕ್ಕೆ ಹೋದರು. ಬೆರಳ ಗೆಣ್ಣಿನಿಂದ ಕಂಬ ಬಡಿದರು. ಕಚ್ಚು ಕೂಡಿದಲ್ಲಿ ಉಗುರು ಹಾಕಿ ನೋಡಿದರು. ಹಿಂಭಾಗದ ಹಲಗೆಯ ಮೇಲೆ ಅಂಗೈ ಆಡಿಸಿದರು. "ಹ್ಞೂಂ" ಎಂದರು. ಅವರ ಬಾಯಿಂದ ಹೊರಟ ಆ ಒಂದು ಹ್ಞೂಂ ಕೇಳಿ ನನಗೆ ಕುಣಿಯಬೇಕೆನಿಸಿತು.

ಅಷ್ಟರಲ್ಲಿ ಪೈಂಟರ ಉಪಚಾರ ಮಾಡಲು ಬಂದ. "ಬನ್ನಿ ಕಾಕಾ, ಈಚೆ ಬನ್ನಿ. ಈಗ ಅದನ್ನು ಬೀಳಿಸುದುಂಟು."

"ಯಾವದನ್ನ?"

"ಈ ಮನೆಯನ್ನೇ."

ಕಾಕಾನ ಮುಖದ ಮೇಲಿನ ಹ್ಞೂಂ ಅಳಿಸಿಹೋಯಿತು. ಕೊಡೆ ಊರಿಕೊಂಡು, ನನ್ನ ಕಡೆ ನೋಡದೆ, ದೂರ ಹೋಗಿ ನಿಂತರು. ಅವಳು ಮಾತ್ರ ನನ್ನನ್ನು ನೋಡಿದಳು, ನಗಲಿಲ್ಲ. ನಾನು ಬಗ್ಗಿ ಒಂದೊಂದೇ ಬೆಣೆ ಕಿತ್ತೆ. ನನ್ನ ಹಲ್ಲನ್ನು ನಾನೇ ಕಿತ್ತುಕೊಂಡಂತಾಯಿತು. ಹಗ್ಗ ಕಟ್ಟಿ ದೂರ ಸರಿದೆ.

ಪಂಖ ತಿರುಗಿತು. ಟ್ಯಾಂಕರಿನ ನೀರು ಹಾರಿತು. ಸೇಠ್‌ರ ಟೋಪಿ ಹಾರಿತು, ಛಾವಣಿಯ ಹುಲ್ಲು ಹಾರಿತು, ತಾಯಿ ಪಾತ್ರದ ಬಾಯಿ "ಹೇ ಭಗವಾನ್!" ಎಂದು ಓಡಿಬಂದಳು. "ಎಳೀ!" ಎಂದರು ಡೈರೆಕ್ಟರ್. ಎಂಟು ಜನ ಎಳೆದರು.

ಮನೆ ಒಮ್ಮೆ ಮೈ ಕೊಡವಿತು, ಆಮೇಲೆ ಮೊದಲಿಗಿಂತ ಚೆನ್ನಾಗಿ ಕೂತುಕೊಂಡಿತು.

"ಔರ್ ಜೋರ್ ಸೇ!" ಹದಿನಾರು ಜನ ಎಳೆದರು. ಹದಿನಾರೂ ಜನ ಕೆಸರಿನಲ್ಲಿ ಕೂತರು, ಮನೆ ನಿಂತೇ ಇತ್ತು. ಮೂರೂ ಕ್ಯಾಮೆರಾ ಓಡುತ್ತಲೇ ಇದ್ದವು. ಬಾಯಿ ನಾಲ್ಕನೆಯ ಸಲ "ಹೇ ಭಗವಾನ್!" ಎಂದು ಕೂಗಿ, ಇನ್ನು ಏನು ಹೇಳಬೇಕೆಂದು ತೋಚದೆ ನಿಂತಳು. ಸೇಠ್ ಲಾರಿ ತರಿಸಿದರು. ಲಾರಿಗೆ ಹಗ್ಗ ಬಿಗಿದರು. ಲಾರಿ ಗುರ್ ಎಂದು ಎಳೆಯಿತು, ಹಗ್ಗ ಫಟ್ಟೆಂದು ಹರಿಯಿತು, ಲಾರಿ ಅದೇ ಜೋರಿನಲ್ಲಿ ಗೇಟು ದಾಟಿ ರಸ್ತೆಗೆ ಹೋಗಿ ನಿಂತಿತು.

ಪಂಖ ನಿಲ್ಲಿಸಿದರು. ಡೈರೆಕ್ಟರ್ ಮೆಗಾಫೋನಿನಲ್ಲೇ ಕೇಳಿದರು: "ಇದಕ್ಕೆ ಯಾರು ಏನು ಮಾಡಿದ್ದೀರಿ?"

ಮೊದಲು ಬಾಯಿ ಮೆಲ್ಲಗೆ, "ನಾನು ಒಂದೇ ಮೊಳೆ ಹೇಳಿದ್ದು" ಎಂದಳು. "ನಾನೂ ಒಂದೇ," ಎಂದ ಲೈಟಿನವನು. "ಕ್ಯಾಮೆರಾಕ್ಕೆ ಎರಡು," ಎಂದ ಕ್ಯಾಮೆರಾಮನ್. ಖಳನಾಯಕ ಮೂರು ಬೆರಳು ತೋರಿಸಿದ. ಮೇಕಪ್ಪಿನವನು, ಸಂವಾದ ಓದುವವನು, ಚಹಾ ತರುವವನು, ಒಬ್ಬೊಬ್ಬರೇ ಒಪ್ಪಿಕೊಂಡರು. ಆರ್ಟ್ ಡೈರೆಕ್ಟರ್ ಸಾಹೇಬರು ಕೆಮ್ಮಿ, "ಸುರಕ್ಷತೆಗೆ ಅಂತ ನಾನೂ ಒಂದು..." ಎಂದರು. ಎಲ್ಲರೂ ಮುಗಿದ ಮೇಲೆ ಡೈರೆಕ್ಟರ್ ಮೆಗಾಫೋನ್ ಕೆಳಗಿಳಿಸಿದರು. ಬಾಗಿಲ ಮೇಲಿನ ಪಟ್ಟಿಯ ಎರಡು ಮೊಳೆ ಅವರವೇ ಆಗಿದ್ದವು.

ಇಷ್ಟು ಜನರ ಮೇಲೆ ಸಿಟ್ಟು ಮಾಡಲು ಸೇಠ್‌ಗೆ ಸಾಧ್ಯವಿರಲಿಲ್ಲ. ಉಳಿದವನು ನಾನೊಬ್ಬ. "ಗರಗಸ ತಾ! ಕಂಬ ಕೊಯ್ಯಿ! ಈಗಿಂದೀಗ!" ಎಂದು ನನ್ನ ಮೇಲೆ ಹಾರಿಬಿದ್ದರು. ನಾನು ಗರಗಸ ತಂದೆ. ಮೂಲೆಯ ಕಂಬಕ್ಕೆ ಇಟ್ಟೆ. ಕೈ ಆಡಲಿಲ್ಲ. ಆ ಕಂಬವನ್ನು ನಾನು ಎಷ್ಟು ಪ್ರೀತಿಯಿಂದ ಕೂಡಿಸಿದ್ದೆ ಎಂದು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

"ಏ! ಕೈ ಹಚ್ಚಬ್ಯಾಡ!"

ಕೆಸರಿನಲ್ಲಿ ದಾಪುಗಾಲು ಹಾಕುತ್ತ ಕಾಕಾ ಬರುತ್ತಿದ್ದರು, ಕೊಡೆ ಎತ್ತಿ ಹಿಡಿದು. ನನ್ನ ಕೈಯಿಂದ ಗರಗಸ ಕಿತ್ತುಕೊಂಡರು. ಕಂಬಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತು, ಸೇಠ್, ಡೈರೆಕ್ಟರ್, ಸಾಹೇಬರು, ಎಲ್ಲರಿಗೂ ಸೇರಿಸಿ ಗದರಿಸಿದರು.

"ತಲಿ ಗಿಲಿ ಕೆಟ್ಟೈತೇನು ನಿಮಗ? ಲಾರಿಗೆ ಜಗ್ಗದ ಮನೀನ ಗರಗಸಲೆ ಕೊಯ್ಯತೀರಿ? ನಮ್ಮ ಅಳಿಯಾ ಕಟ್ಟಿದ ಮನಿ ಇದು! ಮುಟ್ಟರಿ ನೋಡೂಣು!"

ಅಳಿಯಾ! ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹುಡುಗಿಯ ತಾಯಿ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಅವಳು ನಕ್ಕಳು, ಈ ಸಲ ಸೆರಗು ಅಡ್ಡ ಹಿಡಿಯದೆ. ಕನ್ನಡ ತಿಳಿಯದ ಸೇಠ್ ಒಮ್ಮೆ ಕೊಡೆಯನ್ನು, ಒಮ್ಮೆ ನನ್ನನ್ನು ನೋಡಿದರು.

"ಕ್ಯಾ ಬೋಲ್ ರಹಾ ಹೈ ಯೇ ಬುಡ್ಢಾ?" ಮುದುಕ ಏನು ಹೇಳುತ್ತಿದ್ದಾನೆ ಎಂದು ನನ್ನನ್ನೇ ಕೇಳಿದರು.

"ಸೇಠ್‌ಜೀ," ಎಂದೆ, "ಶಾದೀ ಪಕ್ಕೀ! ನನ್ನ ಮದುವೆ ಗಟ್ಟಿಯಾಯಿತು."

ಪೈಂಟರ ಮೊದಲು ನಕ್ಕ. ಆಮೇಲೆ ಕೆಸರಿನಲ್ಲಿ ಕೂತಿದ್ದ ಹದಿನಾರು ಜನ, ಆಮೇಲೆ ಡೈರೆಕ್ಟರ್. ಸೇಠ್ ಎಷ್ಟು ಹೊತ್ತೆಂದು ಹಲ್ಲು ಕಚ್ಚಿಕೊಂಡಾರು, ಅವರ ಹೊಟ್ಟೆಯೂ ಕುಣಿಯಿತು. ಬಿರುಗಾಳಿಯಲ್ಲಿ ಊರೆಲ್ಲ ಬಿದ್ದರೂ ತಾಯಿಯ ಮನೆಯೊಂದು ಉಳಿಯಿತು ಎಂದು ಅಲ್ಲೇ ನಿಂತು ಕತೆ ಬದಲಿಸಿದರು. ಕೆಸರಿನಿಂದ ಟೋಪಿ ಹುಡುಕಿ ತೆಗೆದು, ಕೊಡವಿ ತಲೆಗಿಟ್ಟುಕೊಂಡು ನನ್ನ ಭುಜದ ಮೇಲೆ ಕೈಯಿಟ್ಟರು.

"ನಾಳೆ ಕೆಲಸಕ್ಕೆ ಬಾ. ಮದುವೆ ಮಾಡಿಕೋ, ನಾವೂ ಬರುತ್ತೇವೆ. ಮದುವೆಯ ಹಂದರ ಮಾತ್ರ ಬೇರೆ ಯಾರಿಂದಲಾದರೂ ಹಾಕಿಸು. ನೀನೇ ಹಾಕಿದರೆ ಮರುದಿನ ಬಿಚ್ಚುವವರು ಯಾರು?"